ನಾನು ಫ್ರಿಜ್ಜಿನ ನಾಡಿ ಹಿಡಿದದ್ದು

“ಈ ವಿಷಯದಲ್ಲಿ ಯಾರೂ ಮಧ್ಯೆ ಬಾಯಿ ಹಾಕಬಾರದು. ಹೊಸ ಫ್ರಿಜ್ ಆರಿಸೋನು ನಾನು. ನಾನೊಬ್ನೇ!”

ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಕಾಮಾಕ್ಷಿಪಾಳ್ಯದ ನಮ್ಮ ಮನೆಯ ಅಡುಗೆಮನೆಯ ನಟ್ಟನಡುವೆ, ಲುಂಗಿಯನ್ನು ಮೇಲೆತ್ತಿ ಕಟ್ಟಿಕೊಂಡು, ಕೈಯಲ್ಲಿ ಅಳತೆಯ ಟೇಪು ಹಿಡಿದು ನಾನು ಮಾಡಿದ ಘೋಷಣೆ ಇದು. ಸಭಿಕರು ಇಬ್ಬರೇ. ನನ್ನ ಹೆಂಡತಿ ಶಶಿಕಲಾ ಮತ್ತು ನನ್ನ ತಾಯಿ ಯಶೋದಮ್ಮ. ಚಪ್ಪಾಳೆ ಬೀಳಲಿಲ್ಲ. ಶಶಿಕಲಾ ರಾತ್ರಿಯೆಲ್ಲ ಉಕ್ಕಿ ನೆಲಕ್ಕೆ ಹರಿದಿದ್ದ ದೋಸೆ ಹಿಟ್ಟನ್ನು ಒರೆಸುತ್ತಿದ್ದಳು. ಅಮ್ಮ ಬಾಡಿದ ಕೊತ್ತಂಬರಿ ಸೊಪ್ಪಿನ ಕಟ್ಟನ್ನು ಹಿಡಿದು, ಯಾರೋ ಹತ್ತಿರದವರಿಗೆ ಹುಷಾರಿಲ್ಲದ ಹಾಗೆ ಕೂತಿದ್ದಳು. ನಮ್ಮ ಹಳೇ ಫ್ರಿಜ್ಜು ನಿಂತುಹೋಗಿತ್ತು.

ಆರಿಸುವ ಅಧಿಕಾರ ನನಗೇ ಏಕೆ ಎಂದು ನೀವು ಕೇಳಬಹುದು. ಸ್ವಾಮಿ, ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್! ಕೂದಲೆಳೆಯ ಹತ್ತನೇ ಒಂದು ಭಾಗ ಹೆಚ್ಚುಕಮ್ಮಿ ಇದ್ದರೂ ಮಾಲನ್ನು ವಾಪಸ್ ಕಳಿಸುವ ಮಹಾಪುರುಷ. ಮಹದೇವ್ ಎಂಬ ನನ್ನ ರುಜು ಬೀಳದೆ ಅಲ್ಲಿ ಒಂದು ನಟ್ಟು ಕೂಡ ಗೇಟು ದಾಟುವುದಿಲ್ಲ. ಇಂಥವನು ಮನೆಯ ಫ್ರಿಜ್ಜಿನ ಕಾಯಿಲೆ ಪತ್ತೆ ಮಾಡಲಾರನೇ?

ಮಾಡಿದೆ. ಫ್ರಿಜ್ಜಿನ ಬೆನ್ನಿಗೆ ಕಿವಿ ಇಟ್ಟೆ. ಸದ್ದಿಲ್ಲ. ಕೆಳಗೆ ಕೈ ಹಾಕಿ, ನಾಡಿ ಹಿಡಿಯುವಂತೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದೆ. ಮಿಡಿತವಿಲ್ಲ.

“ಕಂಪ್ರೆಸರ್ ಹೋಗಿದೆ. ಮುಗೀತು,” ಎಂದೆ.

“ರೀ, ಒಳಗಿನ ಲೈಟೂ ಹತ್ತುತಾ ಇಲ್ವಲ್ಲ,” ಎಂದಳು ಶಶಿಕಲಾ.

“ಹಾರ್ಟು ನಿಂತ್ಮೇಲೆ ಕಣ್ಣು ಬಿಡ್ತಾರೇನೇ?”

“ಮೂಲೆ ಅಂಗಡಿ ರಾಚಪ್ಪನ್ನ ಒಂದ್ಸಲ ಕರೆದು ತೋರಿಸಬಾರದಾ?”

ರಾಚಪ್ಪ ನಮ್ಮ ಬೀದಿಯ ಎಲೆಕ್ಟ್ರಿಷಿಯನ್. ಮಿಕ್ಸಿ, ಫ್ಯಾನು, ಇಸ್ತ್ರಿ ಪೆಟ್ಟಿಗೆಗಳ ವೈದ್ಯ. ನಾನು ನಕ್ಕೆ. “ಮಿಕ್ಸಿ ಬಿಚ್ಚೋನು ನನಗೆ ಹೇಳ್ಕೊಡಬೇಕಾ?”

ಅಮ್ಮ ಆಗ ಬಾಯಿಬಿಟ್ಟಳು. “ಮೊನ್ನೆವರೆಗೂ ಚೆನ್ನಾಗೇ ಇತ್ತಲ್ಲೋ.”

“ಅಮ್ಮ, ಅದಕ್ಕೆ ಮೂವತ್ತಮೂರು ವರ್ಷ ಆಯ್ತು. ವಯಸ್ಸಾಯ್ತು, ನಿಂತು ಹೋಯ್ತು.”

“ನನಗೆ ಎಪ್ಪತ್ತಮೂರು. ನನ್ನನ್ನೂ ಎಕ್ಸ್‌ಚೇಂಜಿಗೆ ಹಾಕ್ತೀಯಾ?”

ನಾನು ಟೇಪು ಎಳೆದು ಗೋಡೆಯನ್ನು ಅಳೆಯತೊಡಗಿದೆ.

ಆ ಫ್ರಿಜ್ಜು ನಮ್ಮ ಮನೆಗೆ ಬಂದದ್ದು ತೊಂಬತ್ತೊಂದರಲ್ಲಿ. ನಾನಾಗ ಆರನೇ ಕ್ಲಾಸು. ನಮ್ಮಪ್ಪ ಮುನಿರಾಮಯ್ಯನವರಿಗೆ ಮಾಗಡಿ ರಸ್ತೆಯ ಪಕ್ಕದಲ್ಲಿ ಒಂದು ಸಣ್ಣ ಲೇತ್ ವರ್ಕ್‌ಶಾಪ್ ಇತ್ತು. ಒಂದು ಸಂಜೆ ಟೆಂಪೋದ ಹಿಂದೆ ನಿಂತು, ಆಕಾಶನೀಲಿ ಬಣ್ಣದ ಆ ಒಂಟಿ ಬಾಗಿಲಿನ ಫ್ರಿಜ್ಜನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಅಪ್ಪ ಬೀದಿಗೆ ಬಂದರು. ಬೀದಿಯ ಮಕ್ಕಳೆಲ್ಲ ಟೆಂಪೋದ ಹಿಂದೆ ಓಡಿದೆವು. ಅದು ಇಡೀ ಬೀದಿಗೆ ಬಂದ ಮೊದಲ ಫ್ರಿಜ್ಜು! ನಾಲ್ಕು ದಿನ ಜನ ಅದನ್ನು ನೋಡಲು ಬಂದರು, ಕೂಸು ನೋಡಲು ಬರುವ ಹಾಗೆ. ಅಮ್ಮ ಬಂದವರಿಗೆಲ್ಲ ಒಂದೊಂದು ಲೋಟ ತಣ್ಣೀರು ಕೊಟ್ಟಳು. ನಮ್ಮೂರಿನಿಂದ ಬಂದ ಅಜ್ಜಿಯೊಬ್ಬರು ಒಂದು ಗುಟುಕು ಕುಡಿದು, “ಅಯ್ಯಪ್ಪಾ, ಹಲ್ಲು ಸುಡುತ್ತೆ!” ಎಂದು ಲೋಟ ಕೆಳಗಿಟ್ಟಿದ್ದರು.

ಐದನೇ ದಿನದಿಂದ ಅದು ನಮ್ಮ ಫ್ರಿಜ್ಜಾಗಿ ಉಳಿಯಲಿಲ್ಲ. ಹಬ್ಬದ ಹಿಂದಿನ ದಿನ ಎಂಟು ಮನೆಯ ಮಲ್ಲಿಗೆ ಮೊಗ್ಗು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮಲ್ಲಿಗೆ ಬರುತ್ತಿತ್ತು. ಯಾವ ಗಂಟು ಯಾರದ್ದು ಎಂಬುದು ಅಮ್ಮನಿಗೆ ಮಾತ್ರ ಗೊತ್ತು. ಐಸ್ ಟ್ರೇಯಲ್ಲಿ ಹದಿನಾಲ್ಕು ತುಂಡು. ಬೀದಿಯಲ್ಲಿ ಇಪ್ಪತ್ತು ಮಕ್ಕಳು. ಭಾನುವಾರದ ಕ್ರಿಕೆಟ್ಟಿನಲ್ಲಿ ಸೋತ ತಂಡಕ್ಕೆ ಐಸಿಲ್ಲ ಎಂದು ತೀರ್ಮಾನವಾದ ಮೇಲೆ ನಮ್ಮ ಬೀದಿಯ ಫೀಲ್ಡಿಂಗ್ ಬಹಳ ಸುಧಾರಿಸಿತು. ಎದುರುಮನೆಯ ದುರ್ಗವ್ವ ರಾಣೆಬೆನ್ನೂರು ಕಡೆಯವರು, ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಿದ್ದರು. ಅವರ ಯಜಮಾನರ ಇನ್ಸುಲಿನ್ ಸೀಸೆಗಳು ಹನ್ನೆರಡು ವರ್ಷ ನಮ್ಮ ಫ್ರಿಜ್ಜಿನ ಬಾಗಿಲಲ್ಲೇ ಇದ್ದವು. ದಿನಾ ಬೆಳಿಗ್ಗೆ ಏಳಕ್ಕೆ ದುರ್ಗವ್ವ ಸೀಸೆ ಒಯ್ಯಲು ಬರುವುದು, ಅಮ್ಮ ಕಾಫಿ ಕೊಡುವುದು, ಇಬ್ಬರೂ ಹತ್ತು ನಿಮಿಷ ಹೊಸ್ತಿಲ ಮೇಲೆ ಕೂತು ಬೀದಿಯ ವರದಿ ಒಪ್ಪಿಸಿಕೊಳ್ಳುವುದು. ಇನ್ಸುಲಿನ್ ಒಂದು ದಿನ ತಪ್ಪಿರಬಹುದೇನೋ, ವರದಿ ತಪ್ಪಿರಲಿಲ್ಲ.

ಅಪ್ಪನಿಗೆ ಅದು ಬೇರೆಯದೇ ವಸ್ತು. ಸಂಜೆ ಕಬ್ಬಿಣದ ಪುಡಿಯ ವಾಸನೆ ಹೊತ್ತು ಬಂದವರು, ಕೈಕಾಲು ತೊಳೆದು, ನೇರವಾಗಿ ಫ್ರಿಜ್ಜಿನ ಬಾಗಿಲು ತೆರೆದು, ಒಳಗೆ ಮುಖವಿಟ್ಟು ಒಂದು ನಿಮಿಷ ಸುಮ್ಮನೆ ನಿಲ್ಲುತ್ತಿದ್ದರು.

“ಬಾಗಿಲು ಹಾಕಿ ಅಂದ್ರೆ! ಐಸೆಲ್ಲಾ ಕರಗುತ್ತೆ,” ಎಂದು ಅಮ್ಮ ಕೂಗುವಳು.

“ಇದನ್ನ ತಂದಿದ್ದು ನಿನ್ನ ಟೊಮೇಟೊಗಾ, ನನ್ನ ತಲೆಗಾ?” ಎಂದು ಒಳಗಿನಿಂದಲೇ ಉತ್ತರ ಬರುವುದು.

ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಈಗ ಬೀದಿಯಲ್ಲಿ ಪ್ರತಿ ಮನೆಯಲ್ಲೂ ಫ್ರಿಜ್ಜಿದೆ. ದುರ್ಗವ್ವನ ಮನೆಯಲ್ಲಿ ಎರಡು ಬಾಗಿಲಿನದೇ ಇದೆ. ಮಲ್ಲಿಗೆ ಗಂಟು ಹಿಡಿದು ನಮ್ಮ ಬಾಗಿಲು ಬಡಿಯುವವರು ಯಾರೂ ಇಲ್ಲ. ಇದೆಲ್ಲ ನನಗೂ ಗೊತ್ತಿತ್ತು. ಆದರೆ ಕೈಗೆ ಟೇಪು ಬಂದ ಮೇಲೆ ಮನುಷ್ಯನಿಗೆ ಇಂಚು ಸೆಂಟಿಮೀಟರ್ ಬಿಟ್ಟು ಬೇರೇನೂ ಕಾಣುವುದಿಲ್ಲ.

ಭಾನುವಾರ ರಾಜಾಜಿನಗರದ ದೊಡ್ಡ ಶೋರೂಮಿಗೆ ಹೊರಟೆವು. ನಾನೊಬ್ಬನೇ ಹೋಗುವವನಿದ್ದೆ. ಆಟೋ ಹತ್ತುವ ಹೊತ್ತಿಗೆ ಒಳಗೆ ಅಮ್ಮ ಆಗಲೇ ಕೂತಿದ್ದಳು, ಮಡಿಲಲ್ಲಿ ಒಂದು ಬಟ್ಟೆಚೀಲ. ಪಕ್ಕದಲ್ಲಿ ಶಶಿಕಲಾ.

“ಚೀಲದಲ್ಲಿ ಏನಮ್ಮಾ?”

“ಹಿಟ್ಟಿನ ಪಾತ್ರೆ.”

“ಶೋರೂಮಿಗೆ ಹಿಟ್ಟಿನ ಪಾತ್ರೆ ಯಾಕೆ?”

“ನೀನು ಟೇಪು ತಂದಿಲ್ವಾ? ಹಾಗೇ ಇದು ನಂದು.”

ಶೋರೂಮಿನ ತಂಪಿನಲ್ಲಿ ಟೈ ಕಟ್ಟಿದ ಬಸವಕಿರಣ್ ಎಂಬ ಹುಡುಗ ಕೈಮುಗಿದು ಬರಮಾಡಿಕೊಂಡ. ನಾನು ಅವನಿಗೆ ನನ್ನ ಹುದ್ದೆಯನ್ನು ತಿಳಿಸಿದೆ. ಅವನು ಹೆದರಲಿಲ್ಲ. ಸಾಲಾಗಿ ನಿಂತ ಬೆಳ್ಳಿ ಬಣ್ಣದ ಬೃಹದಾಕಾರಗಳ ಮುಂದೆ ನಮ್ಮನ್ನು ನಡೆಸುತ್ತ ಹಾಡುವಂತೆ ಹೇಳತೊಡಗಿದ.

“ಸಾರ್, ಇದು ಇನ್ವರ್ಟರ್ ಕಂಪ್ರೆಸರ್.”

“ನಮ್ಮನೇಲಿ ಇನ್ವರ್ಟರ್ ಇದೆಯಪ್ಪ, ಎರಡೆರಡು ಯಾಕೆ?” ಎಂದಳು ಅಮ್ಮ.

“ಅದು ಬೇರೆ ಅಮ್ಮ. ಮತ್ತೆ ಇದು ಫ್ರಾಸ್ಟ್ ಫ್ರೀ.”

“ಫ್ರೀ ಕೊಟ್ರೆ ಬೇಡ ಅನ್ನೋಕಾಗುತ್ತಾ? ಕೊಡಪ್ಪ.”

“ಹಾಗಲ್ಲ ಅಮ್ಮ, ಐಸು ಕಟ್ಟೋದೇ ಇಲ್ಲ ಅಂತ.”

“ಐಸೇ ಕಟ್ಟದೇ ಇರೋದಕ್ಕೆ ಫ್ರಿಜ್ ಯಾಕಪ್ಪ? ಬೀರು ತಗೊಂಡ್ರೆ ಆಗಲ್ವಾ?” ಬಟ್ಟೆ ಇಡುವ ಬೀರು ಎಂದು ಅವಳ ಅರ್ಥ. ಪಕ್ಕದಲ್ಲಿ ನಿಂತಿದ್ದ ಗಿರಾಕಿಯೊಬ್ಬರು ಬೇರೆ ಅರ್ಥ ಮಾಡಿಕೊಂಡು, ಮುಸಿಮುಸಿ ನಕ್ಕು, ಹೆಂಡತಿಯ ಕಡೆ ನೋಡಿದರು.

ಅಮ್ಮ ಬಾಗಿಲಿನ ಅಂಚನ್ನು ತಡವಿದಳು. “ಬೀಗ ಎಲ್ಲಿ?”

“ಈಗ ಬೀಗ ಬರಲ್ಲ ಅಮ್ಮ. ಫ್ರಿಜ್ಜಿಗೆ ಯಾರು ಬೀಗ ಹಾಕ್ತಾರೆ?”

“ನಾನು ಹಾಕ್ತಿದ್ದೆ. ಇವನು ಚಿಕ್ಕೋನಿದ್ದಾಗ ಬೆಣ್ಣೆ ಉಳೀತಾ ಇರ್ಲಿಲ್ಲ.” ಬಸವಕಿರಣ್ ನನ್ನನ್ನು ಹೊಸ ದೃಷ್ಟಿಯಿಂದ ನೋಡಿದ.

ನಂತರ ಪಾತ್ರೆಯ ಪರೀಕ್ಷೆ ಶುರುವಾಯಿತು. ಅಮ್ಮ ಪ್ರತಿ ಫ್ರಿಜ್ಜಿನ ಬಾಗಿಲು ತೆರೆದು ಹಿಟ್ಟಿನ ಪಾತ್ರೆಯನ್ನು ಒಳಗಿಟ್ಟು, ಹೊರತೆಗೆದು, ತಲೆ ಅಲ್ಲಾಡಿಸಿದಳು. ಒಂದರಲ್ಲಿ ಪಾತ್ರೆ ಹಿಡಿಯಲಿಲ್ಲ. ಇನ್ನೊಂದರಲ್ಲಿ ಹಿಡಿಯಿತು, ಆದರೆ “ಹಿಟ್ಟು ಉಕ್ಕೋಕೆ ಜಾಗ ಇಲ್ಲ.” ಕೊನೆಗೆ ಸಾಧಾರಣವಾದ ಕೆಂಪು ಬಣ್ಣದ ಒಂಟಿ ಬಾಗಿಲಿನ ಒಂದರ ಮುಂದೆ ಅವಳ ಮುಖ ಅರಳಿತು. ಶಶಿಕಲಾಳೂ, “ಇದು ಸಾಕು ರೀ, ನಾಲ್ಕು ಜನ ಅಷ್ಟೇ ನಾವು,” ಎಂದಳು. ನಾಲ್ಕನೆಯವಳು ಪಿಯುಸಿ ಓದುವ ಮಗಳು ಧನ್ಯಶ್ರೀ.

ಇಬ್ಬರು ಹೆಂಗಸರು ಸೇರಿ ಒಪ್ಪಿದ್ದನ್ನು ನಾನು ಒಪ್ಪಿದರೆ ನನ್ನ ಘೋಷಣೆಯ ಗತಿ ಏನು? ಎರಡು ಬಾಗಿಲಿನ, ಕೆಳಗೆ ಫ್ರೀಜರಿರುವ, ಬಾಗಿಲ ಮೇಲೆ ನೀಲಿ ಅಂಕಿ ಮಿನುಗುವ ಒಂದು ಐರಾವತಕ್ಕೆ ಟೇಪು ಹಿಡಿದೆ. ಅಗಲ ಸರಿ, ಎತ್ತರ ಸರಿ, ನಮ್ಮ ಬಾಗಿಲು ದಾಟುತ್ತದೆ. “ಇದೇ!” ಎಂದೆ. ಹಳೆಯದನ್ನು ಎಕ್ಸ್‌ಚೇಂಜಿಗೆ ಬರೆಸಿದೆ. ಅಮ್ಮ ಪಾತ್ರೆಯನ್ನು ಚೀಲಕ್ಕೆ ಹಾಕಿಕೊಂಡಳು.

ಮಂಗಳವಾರ ಅರ್ಧ ದಿನ ರಜೆ ಹಾಕಿ ಕಾದೆ. ಹನ್ನೊಂದಕ್ಕೆ ಗಾಡಿ ಬಂತು. ಹೊಸದು ನಾನು ಅಳೆದಂತೆಯೇ ಬಾಗಿಲು ದಾಟಿತು, ಮೂಲೆಯಲ್ಲಿ ಕೂತಿತು. ನಾನು ಮೀಸೆ ತಿರುವಿದೆ.

“ಸಾರ್, ದಾರೀಲಿ ಅಲ್ಲಾಡಿದೆ. ಮೂರು ನಾಲ್ಕು ಗಂಟೆ ಹಾಗೇ ನಿಲ್ಲಲಿ, ಆಮೇಲೆ ಆನ್ ಮಾಡಿ,” ಎಂದು ಹೇಳಿದ ಗಾಡಿಯವನು ಹಳೆಯದನ್ನು ಹೊತ್ತು ಬೀದಿಗಿಳಿಸಿದ.

ಬಿಸಿಲಲ್ಲಿ ನಿಂತ ಆ ನೀಲಿ ಫ್ರಿಜ್ಜು ಮನೆಯೊಳಗಿದ್ದುದಕ್ಕಿಂತ ಚಿಕ್ಕದಾಗಿ ಕಂಡಿತು. ನನ್ನ ಭುಜದವರೆಗೆ ಬರುತ್ತಿತ್ತು, ಅಷ್ಟೇ. ಅದರ ಮೇಲಿನ ಐಸಿಗಾಗಿ ನಾನು ಸ್ಟೂಲು ಹತ್ತುತ್ತಿದ್ದೆ ಎಂಬುದು ಆಗ ನೆನಪಾಯಿತು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಹೊರಬಂದರು. ಒಬ್ಬರು, “ನಮ್ಮ ಮಗೂ ನಾಮಕರಣದ ಕೇಕು ಇದರಲ್ಲೇ ಇಟ್ಟಿದ್ದು,” ಎಂದರು. ಇನ್ನೊಬ್ಬರು, “ಸೋತೋರಿಗೆ ಐಸಿಲ್ಲ ಅಂದಿದ್ದು ಮೋಸ ಕಣೋ ಮಹದೇವ, ಆ ಮ್ಯಾಚಲ್ಲಿ ನೀನು ಔಟಾಗಿದ್ದೆ!” ಎಂದು ಮೂವತ್ತು ವರ್ಷದ ಹಿಂದಿನ ಅಪೀಲು ಸಲ್ಲಿಸಿದರು. ದುರ್ಗವ್ವ ಬಂದವರೇ ಬಾಗಿಲು ತೆರೆದು, ಮೇಲಿನ ಅಡ್ಡಪಟ್ಟಿಯಲ್ಲಿ ಬೆರಳಾಡಿಸಿದರು. ಅಲ್ಲೇ ಆ ಸೀಸೆಗಳಿದ್ದದ್ದು.

“ನಮ್ಮನಿಯವರು ಇನ್ನೂ ಹನ್ನೆರಡು ವರ್ಷ ಇದ್ರು ಅಂದ್ರ ಇದರಿಂದ ನೋಡ್ರಿ ಯಶೋದಕ್ಕ,” ಎಂದರು.

ಅಮ್ಮ ತಲೆಯಾಡಿಸಿದಳು. ಗಾಡಿ ಬೀದಿ ತಿರುಗುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು. ನಾನು ಮುಖ ತಿರುಗಿಸಿ, “ಸಾಯಂಕಾಲ ಎಲ್ರೂ ಬನ್ನಿ, ಹೊಸ ಫ್ರಿಜ್ಜಿನ ಉದ್ಘಾಟನೆ!” ಎಂದು ಕೂಗಿಬಿಟ್ಟೆ. ಆ ಒಂದು ಕೂಗನ್ನು ಇವತ್ತಿಗೂ ವಾಪಸ್ ತೆಗೆದುಕೊಳ್ಳಲು ಸಿದ್ಧನಿದ್ದೇನೆ.

ಸಂಜೆ ಐದಕ್ಕೆ ಅಡುಗೆಮನೆಯಲ್ಲಿ ಹನ್ನೆರಡು ಜನ. ಶಶಿಕಲಾ ಅರಿಶಿನ ಕುಂಕುಮ ಇಟ್ಟಳು. ದುರ್ಗವ್ವ ಕಾಯಿ ಒಡೆದರು. ಧನ್ಯಶ್ರೀ ಫೋನೆತ್ತಿ ವಿಡಿಯೋ ಶುರುಮಾಡಿದಳು. ನಾನು ಗಂಟಲು ಸರಿಮಾಡಿಕೊಂಡು, “ಒನ್, ಟೂ, ಥ್ರೀ!” ಎಂದು ಸ್ವಿಚ್ ಒತ್ತಿದೆ.

ಐರಾವತ ಕಣ್ಣು ತೆರೆಯಲಿಲ್ಲ.

ಮತ್ತೆ ಒತ್ತಿದೆ. ಪ್ಲಗ್ ಅದುಮಿದೆ. ಬಾಗಿಲು ತೆರೆದು ಮುಚ್ಚಿದೆ. ಕತ್ತಲೆ. ವಿಡಿಯೋ ನಡೆಯುತ್ತಲೇ ಇತ್ತು.

ನನ್ನ ರಕ್ತ ಕುದಿಯಿತು. ಅಂಗಡಿಗೆ ಫೋನ್ ಮಾಡಿ ಬಸವಕಿರಣ್‌ನನ್ನು ಹಿಡಿದೆ. “ಏನ್ರೀ, ಸತ್ತ ಫ್ರಿಜ್ಜು ಕಳಿಸಿದೀರಾ? ಯಾರಿಗೆ ಮೋಸ ಮಾಡ್ತಾ ಇದೀರಾ ಗೊತ್ತಾ? ನನ್ನ ಕೈಯಿಂದ ಪಾಸಾಗದೆ ಒಂದು ನಟ್ಟೂ ಹೊರಗೆ ಹೋಗಲ್ಲ!”

“ಸಾರ್, ಪಾಯಿಂಟಲ್ಲಿ ಕರೆಂಟ್ ಬರ್ತಿದೆಯಾ ನೋಡಿದ್ರಾ?”

“ನನಗೇ ಪಾಠ ಹೇಳ್ತೀರಾ?” ಎಂದು ಫೋನಿಟ್ಟೆ.

ತಿರುಗಿ ನೋಡಿದರೆ ರಾಚಪ್ಪ ನಿಂತಿದ್ದಾನೆ. ಶಶಿಕಲಾ ಸದ್ದಿಲ್ಲದೆ ಹೋಗಿ ಕರೆತಂದಿದ್ದಳು. ಅವನು ಜೇಬಿನಿಂದ ಟೆಸ್ಟರ್ ತೆಗೆದು ಗೋಡೆಯ ಪ್ಲಗ್ ತೂತಿಗಿಟ್ಟ. ದೀಪ ಹತ್ತಲಿಲ್ಲ. ಬೋರ್ಡಿನ ಮುಚ್ಚಳ ಬಿಚ್ಚಿದ. ಒಳಗೆ ತಂತಿಯೊಂದು ಕರಿಕಲಾಗಿ ಸುಟ್ಟುಕೊಂಡು ಕಳಚಿಬಿದ್ದಿತ್ತು. ನಡುಮನೆಯಿಂದ ಒಂದು ಎಕ್ಸ್‌ಟೆನ್ಷನ್ ಎಳೆದು ಫ್ರಿಜ್ಜಿಗೆ ಚುಚ್ಚಿದ. ಟಿಂಗ್! ನೀಲಿ ಅಂಕಿಗಳು ಮಿನುಗಿದವು.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ತಟ್ಟಲಿಲ್ಲ.

“ರಾಚಪ್ಪ, ಈ ತಂತಿ ಯಾವಾಗ ಸುಟ್ಟಿರೋದು?”

“ಮೂರ್ನಾಲ್ಕು ದಿನ ಆಗಿರಬೇಕಮ್ಮ. ಶುಕ್ರವಾರ ಕರೆಂಟು ಹೋಗಿ ಹೋಗಿ ಬರ್ತಿತ್ತಲ್ಲ, ಆಗ ಆಗಿರುತ್ತೆ.”

“ಹಾಗಾದ್ರೆ ನಮ್ಮ ಹಳೇದು?”

“ಅದಕ್ಕೇನಮ್ಮ, ಗುಂಡುಕಲ್ಲು! ಇನ್ನೂ ಹತ್ತು ವರ್ಷ ಓಡುತ್ತೆ. ಎಲ್ಲಿ ಅದು?” ಎಂದು ರಾಚಪ್ಪ ಮುಗ್ಧವಾಗಿ ಸುತ್ತ ನೋಡಿದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಮ್ಮ ಬೈಯಲಿಲ್ಲ. ಎಲ್ಲರಿಗೂ ಕಾಯಿ ಬೆಲ್ಲ ಹಂಚಿ, ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಶಶಿಕಲಾ ಮಾತ್ರ ನನ್ನ ಹತ್ತಿರ ಬಂದು ಮೆಲ್ಲಗೆ, “ಹಾರ್ಟು ಚೆನ್ನಾಗೇ ಇತ್ತಂತೆ ಕಣ್ರೀ. ನೀವು ಹೂತುಬಿಟ್ರಿ,” ಎಂದಳು. ಹೊಸ ಫ್ರಿಜ್ಜಿನೊಳಗೆ ಕೂತುಬಿಡೋಣ ಎನ್ನಿಸಿತು. ಜಾಗವಂತೂ ಬೇಕಾದಷ್ಟಿತ್ತು.

ಬುಧವಾರ ಬೆಳಿಗ್ಗೆ ಅಮ್ಮ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು.

“ಎಲ್ಲಿಗಮ್ಮಾ?”

“ನಿಮ್ಮಪ್ಪ ತಂದಿದ್ದನ್ನ ಹುಡುಕೋಕೆ.”

ಬಸವಕಿರಣ್‌ಗೆ ಫೋನ್ ಮಾಡಿ ಮೊದಲು ಕ್ಷಮೆ, ಆಮೇಲೆ ವಿಳಾಸ ಕೇಳಿದೆ. ಹಳೇ ಫ್ರಿಜ್ಜುಗಳೆಲ್ಲ ಕೆಂಗೇರಿಯಾಚೆಯ ಒಂದು ಯಾರ್ಡಿಗೆ ಹೋಗುತ್ತವಂತೆ. ಎರಡನೇ ದಿನವೂ ರಜೆ ಹಾಕಿದೆ. ಆಟೋ ಜ್ಞಾನಭಾರತಿ ಕ್ಯಾಂಪಸ್ಸಿನ ಮರಗಳ ನಡುವೆ ಹೋಗುವಾಗ ಅಮ್ಮ ಒಂದೇ ಮಾತು ಆಡಿದಳು. “ಅವರು ಅದನ್ನ ತಂದ ದಿನ ಊಟಾನೇ ಮಾಡ್ಲಿಲ್ಲ ಕಣೋ. ಅದರ ಮುಂದೇನೇ ಕೂತಿದ್ರು.”

ಯಾರ್ಡ್ ಎಂದರೆ ತಗಡಿನ ಬೇಲಿ ಹಾಕಿದ ಬಯಲು. ಒಳಗೆ ಕಾಲಿಟ್ಟು ನಿಂತುಬಿಟ್ಟೆವು. ನೂರಾರು ಫ್ರಿಜ್ಜುಗಳು! ಕೆಂಪು, ಹಸಿರು, ಬಿಳಿ, ಕೆನೆಬಣ್ಣ. ಸಾಲುಸಾಲಾಗಿ ನಿಂತಿದ್ದವು, ಬಸ್ಸಿಗೆ ಕಾದವರ ಹಾಗೆ. ಒಂದರ ಮೇಲೆ ಯಾರದ್ದೋ ಮಗು ಅಂಟಿಸಿದ ಚಿಟ್ಟೆಗಳು. ಒಂದರ ಮೇಲೆ ಗಣಪತಿ. ಇನ್ನೊಂದರ ಮೇಲೆ ಹಾಲಿನವನ ನಂಬರು. ಒಂದು ಬಾಗಿಲಲ್ಲಿ ಪೆನ್ನಿನಿಂದ ಎತ್ತರದ ಗೆರೆಗಳು, ಪಕ್ಕದಲ್ಲಿ ‘ರಮ್ಯ’ ಎಂದು ಏಳು ಸಲ, ಒಂದಕ್ಕಿಂತ ಒಂದು ಮೇಲೆ. ಅಮ್ಮ ಆ ಗೆರೆಗಳ ಮೇಲೆ ಕೈಯಾಡಿಸಿದಳು. ನಾವು ನೀಲಿ ಕಂಡಲ್ಲೆಲ್ಲ ಓಡಿದೆವು. ಹದಿನೆಂಟು ನೀಲಿ ಫ್ರಿಜ್ಜುಗಳ ಬಾಗಿಲು ತೆರೆದೆ. ಯಾವುದೂ ನಮ್ಮದಲ್ಲ. ಒಂದು ಗಂಟೆಯಲ್ಲಿ ಬಿಸಿಲು ನೆತ್ತಿಗೇರಿತು.

“ಸಾಕಮ್ಮ, ನೀರು ಕುಡಿ ಬಾ,” ಎಂದು ಗೇಟಿನ ಪಕ್ಕದ ಶೆಡ್ಡಿಗೆ ಕರೆತಂದೆ.

ಶೆಡ್ಡಿನಲ್ಲಿ ಸೀರೆಯ ಮೇಲೆ ಖಾಕಿ ಶರ್ಟು ತೊಟ್ಟ ಕಾವಲಿನ ಹೆಂಗಸು ಇದ್ದಳು. ಪಟಾಲಮ್ಮ ಎಂದು ಹೆಸರು. “ಅಯ್ಯೋ, ವಯಸ್ಸಾದೋರು ಈ ಬಿಸಿಲಲ್ಲಿ! ಕೂತ್ಕೊಳಿ ಅಮ್ಮ, ತಣ್ಣಗಿರೋ ನೀರು ಕೊಡ್ತೀನಿ,” ಎಂದು ಮೂಲೆಗೆ ಹೋದಳು.

ಫ್ರಿಜ್ಜಿನ ಬಾಗಿಲು ತೆರೆದ ಸದ್ದಾಯಿತು. ಆ ಸದ್ದಿಗೇ ಅಮ್ಮ ತಲೆಯೆತ್ತಿದಳು.

ನಮ್ಮದೇ! ಮೂಲೆಯಲ್ಲಿ, ಎಕ್ಸ್‌ಟೆನ್ಷನ್ ತಂತಿಯ ತುದಿಯಲ್ಲಿ, ಗುರ್ ಎನ್ನುತ್ತ ನಿಂತಿದೆ. ಒಳಗಿನ ದೀಪ ಉರಿಯುತ್ತಿದೆ. ಹಮಾಲರ ನೀರಿನ ಬಾಟಲುಗಳು, ಒಂದು ಚೆಂಬು ಮಜ್ಜಿಗೆ, ಒದ್ದೆ ಬಟ್ಟೆಯ ಒಂದು ಪುಟ್ಟ ಗಂಟು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನನ್ನ ಕೈ ಅದುಮಿದಳು.

“ಈ ಫ್ರಿಜ್ ಎಲ್ಲಿದಮ್ಮಾ?” ಎಂದು ಅಪರಿಚಿತಳಂತೆ ಕೇಳಿದಳು.

“ನಿನ್ನೆ ಬಂತಮ್ಮ. ಸುಮ್ನೆ ಪ್ಲಗ್ ಹಾಕಿ ನೋಡ್ದೆ, ಗುರ್ ಅಂದುಬಿಡ್ತು! ಓನರ್ರು, ‘ಓಡ್ತಾ ಇದ್ರೆ ಶೆಡ್ಡಿಗೇ ಇಟ್ಕೋ’ ಅಂದ್ರು. ಇಲ್ಲಿ ಹದಿನೈದು ಜನ ಕೆಲಸ ಮಾಡ್ತಾರೆ. ನಿನ್ನೆವರೆಗೂ ಬಿಸಿನೀರೇ ಕುಡೀತಾ ಇದ್ರು ಪಾಪ.”

“ಪ್ಲಗ್ ಹಾಕಿ ನೋಡಿದ್ರಾ?” ಎಂದೆ ನಾನು, ಕ್ಷೀಣ ಸ್ವರದಲ್ಲಿ.

“ಮತ್ತೆ? ಮೊದ್ಲು ಅದನ್ನೇ ತಾನೇ ಅಣ್ಣ ನೋಡೋದು?”

ಅಷ್ಟರಲ್ಲಿ ಲಾರಿಯಿಂದ ಮಾಲು ಇಳಿಸುತ್ತಿದ್ದ ನಾಲ್ಕೈದು ಜನ ಬೆವರು ಒರೆಸುತ್ತ ಒಳಗೆ ಬಂದರು. ಪಟಾಲಮ್ಮ ಅವರಿಗೆಲ್ಲ ಬಾಟಲು ಹಂಚತೊಡಗಿದಳು. ನಾನು ಅಮ್ಮನ ಕಿವಿಯಲ್ಲಿ, “ಗಾಡಿ ಮಾತಾಡಲಾ? ಓನರ್ ಹತ್ರ ಕೇಳಿ ಇವತ್ತೇ ತಗೊಂಡು ಹೋಗೋಣ,” ಎಂದೆ.

ಅಮ್ಮ ಆ ಗುಂಪನ್ನೇ ನೋಡಿದಳು. ಒಬ್ಬರು ಬಾಗಿಲು ಹಾಕಿದರೆ ಇನ್ನೊಬ್ಬರು ತೆರೆಯುತ್ತಿದ್ದರು.

“ಬೇಡ ಕಣೋ. ಮನೆಗೆ ತಂದು ಎಲ್ಲಿ ಇಡ್ತೀಯ? ಮೂಲೇಲಿ ಬಟ್ಟೆ ಹೊದಿಸಿ ಇಡ್ತೀಯ. ಇಲ್ಲಿ ನೋಡು, ಎಷ್ಟು ಜನ ಕೈ ಹಾಕ್ತಾರೆ. ನಮ್ಮನೇಲಿ ಹೀಗೆ ಆಗಿ ಎಷ್ಟು ವರ್ಷ ಆಯ್ತು ಹೇಳು.” ಸೆರಗಿನಿಂದ ಕಣ್ಣೊರೆಸಿಕೊಂಡು, “ನಿಮ್ಮಪ್ಪನೂ ಬೇಡ ಅಂತಿದ್ರು,” ಎಂದಳು.

ನಾನು ಶೆಡ್ಡಿನ ಹೊರಗೆ ಹೋಗಿ, ಬಿಸಿಲಲ್ಲಿ ನಿಂತು, ತಗಡಿನ ಬೇಲಿಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸಿದೆ.

ಒಳಗೆ ಪಟಾಲಮ್ಮನ ದನಿ ಕೇಳಿಸಿತು. “ಆದ್ರೂ ಅಮ್ಮ, ಇಷ್ಟು ಚೆನ್ನಾಗಿರೋದನ್ನ ಯಾವ ಪುಣ್ಯಾತ್ಮ ಎತ್ತಿಕೊಟ್ನೋ! ಕರೆಂಟು ಬರ್ತಿದೆಯಾ ಅಂತ ಕೂಡ ನೋಡದೇ ಇರೋವಂಥ ದಡ್ಡರು ಈ ಬೆಂಗ್ಳೂರಲ್ಲಿ ಇರ್ತಾರಾ?”

“ಇರ್ತಾರೆ ಕಣಮ್ಮ,” ಎಂದಳು ನನ್ನ ತಾಯಿ. “ಒಬ್ಬನ್ನ ನಾನೇ ಹೆತ್ತಿದೀನಿ. ಪಾಪ, ಅಲ್ಲಿ ಬಿಸಿಲಲ್ಲಿ ನಿಂತಿದಾನೆ. ಅವನಿಗೂ ಒಂದು ಲೋಟ ಮಜ್ಜಿಗೆ ಕೊಡು.”